ಬಾಗಿಲು ಮುಚ್ಚಿದ ಗ್ವಾದಲಹಾರಾ

ಮೆಕ್ಸಿಕೋ ದೇಶವು ನಮ್ಮ ಜನಕ್ಕೆ ಬಹು ದೂರದ್ದು. ಆದರೂ ಆ ದೇಶದ ಸಂತತಿ ನಮ್ಮ ಅಡಿಗೆಮನೆಯಲ್ಲಿ ನಿತ್ಯವೂ ಓಡಾಡಿಕೊಂಡಿದೆ. ನಮ್ಮ ಒಗ್ಗರಣೆಯ ಮೆಣಸಿನಕಾಯಿಗೆ ತವರು ಅದು. ಮುಸುಕಿನ ಜೋಳದ ತವರೂ ಅದೇ. ನಾವು ಸಪೋಟವೆಂದು ಕರೆಯುವ ಹಣ್ಣಿನ ಹೆಸರು ಅಲ್ಲಿಯ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದುದು. ಇಂತಹ ನಾಡಿನಲ್ಲಿ ಐದು ವರ್ಷ ಸಂಸಾರ ಹೂಡುವ ಯೋಗ ನಮ್ಮಿಬ್ಬರಿಗೂ ಒದಗಿತು. ಆ ಐದು ವರ್ಷಗಳಲ್ಲಿ ಮರೆಯಲಾಗದುದು ೨೦೨೦ರ ವಸಂತಕಾಲ. ಕೋವಿಡ್ ಮಹಾಮಾರಿಯು ಜಗತ್ತಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ ಕಾಲ.

ನಮ್ಮವರು ತಂತ್ರಾಂಶದ ಉದ್ಯೋಗದವರು. ೨೦೧೮ರಲ್ಲಿ ಅವರಿಗೆ ಗ್ವಾದಲಹಾರಾ ನಗರಕ್ಕೆ ವರ್ಗವಾಯಿತು. ಇದು ಹಲಿಸ್ಕೋ ರಾಜ್ಯದ ರಾಜಧಾನಿ. ಸಮುದ್ರಮಟ್ಟದಿಂದ ೧,೫೦೦ ಮೀಟರಿಗೂ ಮೇಲಿರುವುದರಿಂದ ಬೆಂಗಳೂರನ್ನು ನೆನಪಿಗೆ ತರುವ ಹವೆ. ಮಾರ್ಚ್ ತಿಂಗಳಲ್ಲಿ ಬೀದಿಬೀದಿಯ ಜಕರಂದಾ ಮರಗಳು ನೇರಿಳೆ ಹೂವನ್ನು ಹೊತ್ತು ನಿಂತರೆ ಜಯನಗರದ ಯಾವುದೋ ರಸ್ತೆಯಲ್ಲಿ ನಡೆದಂತೆಯೇ ತೋರುತ್ತಿದ್ದಿತು. ಭಾರತದ ತಂತ್ರಾಂಶ ಕಂಪನಿಗಳು ಅಲ್ಲಿ ಕಚೇರಿ ತೆರೆದಿರುವುದರಿಂದ ಅಪರೂಪಕ್ಕೆ ಕನ್ನಡದ ಮಾತೂ ಕಿವಿಗೆ ಬೀಳುವುದುಂಟು.

ನಾವಿದ್ದುದು ಮಹಡಿಯ ಮನೆ. ಕೆಳಗೆ ಮನೆಯ ಒಡತಿ, ಎಪ್ಪತ್ತನಾಲ್ಕು ವರ್ಷದ ವಿಧವೆ. ಹಿರಿಯ ಹೆಂಗಸರನ್ನು ಅಲ್ಲಿ ‘ದೋನ್ಯಾ’ ಎಂದು ಗೌರವದಿಂದ ಕರೆಯುತ್ತಾರೆ. ನಮ್ಮ ‘ಅಮ್ಮನವರು’ ಇದ್ದಂತೆ. ಆಕೆ ನನ್ನನ್ನು ‘ಮೀಹಾ’, ಎಂದರೆ ‘ನನ್ನ ಮಗಳೇ’, ಎಂದು ಕರೆಯುತ್ತಿದ್ದರು. ಆಕೆಗೆ ಗಂಡುಮಕ್ಕಳು ಇಬ್ಬರು, ಇಬ್ಬರೂ ಅಮೆರಿಕದಲ್ಲಿ. ಹಿರಿಯವನು ಷಿಕಾಗೋದಲ್ಲಿ ಅಡಿಗೆಯ ಕೆಲಸದವನು. ಅವನಿಗೆ ಕಾಗದಪತ್ರಗಳಿದ್ದವು, ಪ್ರತಿ ಡಿಸೆಂಬರಿನಲ್ಲಿ ಬಂದು ಹೋಗುತ್ತಿದ್ದನು. ಕಿರಿಯವನು ಲಾಸ್ ಏಂಜಲೀಸಿನಲ್ಲಿ ಕಟ್ಟಡದ ಕೆಲಸ ಮಾಡುವವನು. ಬಹಳ ವರ್ಷಗಳ ಹಿಂದೆ ಕಾಗದವಿಲ್ಲದೆ ಗಡಿ ದಾಟಿದವನು. ತಾಯಿಯನ್ನು ನೋಡಲು ಬಂದರೆ ಮರಳಿ ಹೋಗುವಂತಿಲ್ಲ. ಆದುದರಿಂದ ಬಂದೇ ಇರಲಿಲ್ಲ. ಹಲಿಸ್ಕೋದಲ್ಲಿ ಇಂತಹ ತಾಯಂದಿರು ಬೀದಿಗೆ ಒಬ್ಬರಾದರೂ ಸಿಕ್ಕುತ್ತಾರೆ.

ವಿಮಾನವೇರಿ ಬಂದ ವ್ಯಾಧಿ

೨೦೨೦ರ ಫೆಬ್ರುವರಿ ೨೮ರಂದು ಮೆಕ್ಸಿಕೋ ಸರ್ಕಾರವು ದೇಶದ ಮೊದಲ ಸೋಂಕುಗಳನ್ನು ಪ್ರಕಟಿಸಿತು. ರೋಗಿಗಳು ಇಟಲಿಗೆ ಹೋಗಿ ಬಂದಿದ್ದವರು. ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಅಮೆರಿಕದ ಕೊಲರಾಡೋದಲ್ಲಿರುವ ವೇಲ್ ಎಂಬ ಹಿಮಕ್ರೀಡೆಯ ತಾಣಕ್ಕೆ ವಿಹಾರ ಹೋಗಿ ಬಂದಿದ್ದ ಸುಮಾರು ೪೦೦ ಮಂದಿ ಶ್ರೀಮಂತರನ್ನು ಹಲಿಸ್ಕೋದ ಅಧಿಕಾರಿಗಳು ಹುಡುಕತೊಡಗಿದರು. ವ್ಯಾಧಿಯು ಬಂದುದು ವಿಮಾನವೇರಿ. ಅದರ ಸಾಲವನ್ನು ತೀರಿಸಬೇಕಾದವರು ಬಸ್ಸಿನಲ್ಲಿ ಓಡಾಡುವವರು. ಈ ಮಾತು ನಮಗೆ ದಿನದಿನಕ್ಕೆ ಮನದಟ್ಟಾಯಿತು.

ತೀರ್ಥಹಳ್ಳಿಯಲ್ಲಿ ನನ್ನ ಅಪ್ಪಯ್ಯ ಒಬ್ಬರೇ ಇದ್ದರು. ಎಪ್ಪತ್ತೆಂಟು ವರ್ಷ, ಹೃದಯದ ಔಷಧಿ ಒಂದು ದಿನವೂ ತಪ್ಪುವಂತಿರಲಿಲ್ಲ. ಹೊರಟುಬಿಡೋಣವೇ ಎಂಬ ಚರ್ಚೆ ನಮ್ಮಲ್ಲಿ ನಡೆಯಿತು. ಗ್ವಾದಲಹಾರಾದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. ಯೂರೋಪಿನ ಮೂಲಕವೋ ಅಮೆರಿಕದ ಮೂಲಕವೋ ಬರಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ನಮ್ಮವರಿಗೆ ವೀಸಾ ಬೇಕು. ನಾವು ಮಾತನಾಡುತ್ತಿರುವಂತೆಯೇ ಬಾಗಿಲುಗಳು ಮುಚ್ಚತೊಡಗಿದವು. ಮಾರ್ಚ್ ೧೮ರಿಂದ ಯೂರೋಪಿನ ಪ್ರಯಾಣಿಕರಿಗೆ ಭಾರತವು ಪ್ರವೇಶ ನಿಲ್ಲಿಸಿತು. ಮಾರ್ಚ್ ೨೨ರಿಂದ ಹೊರದೇಶದ ಯಾವ ಪ್ರಯಾಣಿಕ ವಿಮಾನವೂ ಇಳಿಯುವಂತಿಲ್ಲವೆಂದಾಯಿತು. ಒಂದು ವಾರದ ಮಟ್ಟಿಗೆ ಎಂದಿದ್ದ ಆಜ್ಞೆ ಮುಂದುವರಿಯುತ್ತ ಹೋಗಿ, ನಿಗದಿತ ವೇಳೆಯ ಅಂತರರಾಷ್ಟ್ರೀಯ ವಿಮಾನಸಂಚಾರವು ಮೊದಲಿನಂತಾದುದು ೨೦೨೨ರ ಮಾರ್ಚ್ ೨೭ರಂದು.

“ಅಪ್ಪಯ್ಯ, ನಾವು ಬರಲಾಗುವುದಿಲ್ಲ” ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು. “ಬಂದು ಮಾಡುವುದೇನಿದೆ? ನೀವಿಬ್ಬರೂ ಅಲ್ಲಿ ಜೋಪಾನವಾಗಿರಿ. ಪಕ್ಕದ ಮನೆಯ ಹುಡುಗ ದಿನಾ ಬಂದು ವಿಚಾರಿಸಿಕೊಂಡು ಹೋಗುತ್ತಾನೆ” ಎಂದರು ಅವರು.

ಚಪಾಲ ಸರೋವರದ ಪರದೇಶಿಗಳು

ಗ್ವಾದಲಹಾರಾದ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ ಚಪಾಲ ಸರೋವರವಿದೆ. ಮೆಕ್ಸಿಕೋದ ಅತಿ ದೊಡ್ಡ ಸಿಹಿನೀರಿನ ಸರೋವರ. ೧೯೨೩ರಲ್ಲಿ ಆಂಗ್ಲ ಲೇಖಕ ಡಿ. ಎಚ್. ಲಾರೆನ್ಸ್ ತಮ್ಮ ಪತ್ನಿಯೊಡನೆ ಇದೇ ತೀರದಲ್ಲಿ ನೆಲಸಿ ಕಾದಂಬರಿ ಬರೆದುದುಂಟು. ಇಂದು ಚಪಾಲ, ಅಹಿಹಿಕ್ ಮುಂತಾದ ಊರುಗಳಲ್ಲಿ ಅಮೆರಿಕ, ಕೆನಡಾಗಳಿಂದ ಬಂದ ಸಹಸ್ರಾರು ನಿವೃತ್ತ ದಂಪತಿಗಳು ಮನೆ ಮಾಡಿಕೊಂಡಿದ್ದಾರೆ. ಹವೆ ಹಿತ, ಬಾಡಿಗೆ ಅಗ್ಗ, ಜನ ಸ್ನೇಹಪರರು. ಪಿಂಚಣಿಯ ಹಣ ಇಲ್ಲಿ ಹೆಚ್ಚು ದಿನ ಬಾಳುತ್ತದೆ.

ಮಾರ್ಚ್ ೧೬ರಂದು ಕೆನಡಾದ ಪ್ರಧಾನಿ ಟ್ರೂಡೋ ಹೊರದೇಶದಲ್ಲಿರುವ ತಮ್ಮ ಪ್ರಜೆಗಳಿಗೆ ಮನೆಗೆ ಮರಳುವಂತೆ ಕರೆ ಕೊಟ್ಟರು. ಮಾರ್ಚ್ ೧೯ರಂದು ಅಮೆರಿಕ ಸರ್ಕಾರವು, ಒಡನೆಯೇ ಹಿಂತಿರುಗಿರಿ, ಇಲ್ಲವಾದರೆ ಅನಿರ್ದಿಷ್ಟ ಕಾಲ ಹೊರಗೇ ಉಳಿಯಲು ಸಿದ್ಧರಾಗಿರಿ ಎಂದು ತನ್ನ ಪ್ರಜೆಗಳಿಗೆ ತಿಳಿಸಿತು. ಮಾರ್ಚ್ ೨೧ರಿಂದ ಅಮೆರಿಕ–ಮೆಕ್ಸಿಕೋ ನೆಲಗಡಿಯಲ್ಲಿ ಅನಿವಾರ್ಯವಲ್ಲದ ಸಂಚಾರ ನಿಂತಿತು. ಮೆಕ್ಸಿಕೋ ಮಾತ್ರ ತನ್ನ ವಿಮಾನನಿಲ್ದಾಣಗಳನ್ನು ಯಾರಿಗೂ ಮುಚ್ಚಲಿಲ್ಲ.

ಚಪಾಲದ ವೃದ್ಧ ದಂಪತಿಗಳಿಗೆ ಇದು ಧರ್ಮಸಂಕಟವಾಯಿತು. ಅಮೆರಿಕದ ವೃದ್ಧರಿಗಾಗಿ ಇರುವ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ ಸಾಮಾನ್ಯವಾಗಿ ಆ ದೇಶದ ಗಡಿ ದಾಟಿ ಬರುವುದಿಲ್ಲ. ಕಾಯಿಲೆ ಬಿದ್ದರೆ ಇಲ್ಲಿ ಕೈಯಿಂದಲೇ ಹಣ ತೆರಬೇಕು. ಹಿಂತಿರುಗೋಣವೆಂದರೆ, ಅಲ್ಲಿಯ ಮನೆಯನ್ನು ಮಾರಿ ಬಂದವರೇ ಹಲವರು. ನಮಗೆ ಪರಿಚಿತರಾಗಿದ್ದ ಕೆನಡಾದ ದಂಪತಿಗಳು ಎರಡೇ ಪೆಟ್ಟಿಗೆಗಳೊಡನೆ ಹೊರಟರು. ನಾಯಿಯನ್ನು ತೋಟದ ಕೆಲಸದವನಿಗೆ ಒಪ್ಪಿಸಿದರು. ಅವರ ನೆರೆಯ ಅಮೆರಿಕದ ದಂಪತಿಗಳು, “ನಮ್ಮ ಮನೆ ಇದೇ” ಎಂದು ಉಳಿದರು. ಇಬ್ಬರ ನಿರ್ಧಾರವೂ ಸರಿಯಾದುದೇ. ಆಯ್ದುಕೊಳ್ಳಲು ಅವರಿಗೆ ಎರಡು ಊರುಗಳಿದ್ದವು, ಅಷ್ಟೆ.

ಒಂದೇ ದಿನ, ಎರಡು ಘೋಷಣೆ

ನಮ್ಮೂರಿಗೂ ಗ್ವಾದಲಹಾರಾಕ್ಕೂ ಆಗ ಹನ್ನೊಂದೂವರೆ ಗಂಟೆಯ ಅಂತರ. ಮಾರ್ಚ್ ೨೪ರ ಬೆಳಗ್ಗೆ ಎಂಟೂವರೆಗೆ ನಾವು ಕಾಫಿ ಕುಡಿಯುತ್ತ ಕುಳಿತಿರುವಾಗ, ಭಾರತದಲ್ಲಿ ಅದು ರಾತ್ರಿ ಎಂಟು ಗಂಟೆ. ಅಂದಿನ ಮಧ್ಯರಾತ್ರಿಯಿಂದ ೨೧ ದಿನ ಇಡೀ ದೇಶವೇ ಸ್ತಬ್ಧವಾಗಬೇಕೆಂದು ಪ್ರಧಾನಿ ಮೋದಿಯವರು ಸಾರಿದರು. ಅದೇ ಬೆಳಗ್ಗೆ ಮೆಕ್ಸಿಕೋ ಸರ್ಕಾರವು ವ್ಯಾಧಿಯ ಎರಡನೆಯ ಹಂತ ಮೊದಲಾಯಿತೆಂದು ಪ್ರಕಟಿಸಿತು.

ಎರಡು ದೇಶಗಳ ರೀತಿಯೇ ಬೇರೆ. ಭಾರತವು ಆಜ್ಞೆ ಮಾಡಿತು, ಮೆಕ್ಸಿಕೋ ಕೇಳಿಕೊಂಡಿತು. ‘ಕೆದಾತೆ ಎನ್ ಕಾಸಾ’, ಮನೆಯಲ್ಲೇ ಇರಿ, ಎಂಬುದೇ ಮಂತ್ರವಾಯಿತು. ಮಾರ್ಚ್ ೩೦ರಂದು ಆರೋಗ್ಯದ ತುರ್ತುಪರಿಸ್ಥಿತಿ ಘೋಷಿತವಾಗಿ, ಅತ್ಯಗತ್ಯವಲ್ಲದ ಉದ್ಯೋಗಗಳನ್ನು ನಿಲ್ಲಿಸಲಾಯಿತು. ಅರವತ್ತು ದಾಟಿದವರು ಮನೆ ಬಿಡಬಾರದೆಂದು ಸೂಚನೆ ಬಂದಿತು. ಆದರೂ ರಾಷ್ಟ್ರಮಟ್ಟದಲ್ಲಿ ಕರ್ಫ್ಯೂ ಹಾಕಲಿಲ್ಲ. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂದಂದಿನ ಗಳಿಕೆಯಿಂದ ಬದುಕುವ ದೇಶದಲ್ಲಿ ಬೀದಿಯನ್ನು ಪೂರ್ತಿಯಾಗಿ ಮುಚ್ಚಿದರೆ ಒಲೆಯೂ ಆರುತ್ತದೆಂಬುದು ಸರ್ಕಾರದ ವಾದವಾಗಿದ್ದಿತು. ಆದರೆ ಅಧ್ಯಕ್ಷ ಲೋಪೆಸ್ ಓಬ್ರದೋರ್ ಅವರು ಮಾರ್ಚ್ ನಡುವಿನವರೆಗೂ ಜನರನ್ನು ಅಪ್ಪಿಕೊಳ್ಳುತ್ತಲೇ ಇದ್ದರು. ಮಾರ್ಚ್ ೧೮ರಂದು ಪತ್ರಕರ್ತರ ಮುಂದೆ ತಮ್ಮ ಕಿಸೆಯಿಂದ ರಕ್ಷೆಯ ಪಟಗಳನ್ನು ತೆಗೆದು ತೋರಿಸಿದರು. ಆ ದೇಶದಲ್ಲಿ ಕೋವಿಡ್‌ನಿಂದ ಮೊದಲ ಸಾವು ಸಂಭವಿಸಿದುದೂ ಅಂದೇ.

ರಾತ್ರಿ ಏಳು ಗಂಟೆಗೆ ಉಪ ಆರೋಗ್ಯಮಂತ್ರಿ ಊಗೋ ಲೋಪೆಸ್ ಗಾತೆಲ್ ಅವರ ಪತ್ರಿಕಾಗೋಷ್ಠಿ. ಸಾಂಕ್ರಾಮಿಕ ರೋಗಗಳ ತಜ್ಞರಾದ ಅವರು ಮೇಷ್ಟರಂತೆ ಅಂಕಿಅಂಶಗಳನ್ನು ವಿವರಿಸುತ್ತಿದ್ದರು. ಅಲ್ಲಿಯೇ ನಮಗೆ ‘ಸುಸಾನಾ ದಿಸ್ತಾನ್ಸಿಯಾ’ ಪರಿಚಯವಾದುದು. ಇವಳು ಸರ್ಕಾರವು ಚಿತ್ರಿಸಿದ ಒಬ್ಬ ವೀರನಾರಿ. ಎರಡು ಕೈಗಳನ್ನೂ ಚಾಚಿ ಒಂದೂವರೆ ಮೀಟರು ಅಂತರ ಕಾಯುವವಳು. ‘ಸು ಸಾನಾ ದಿಸ್ತಾನ್ಸಿಯಾ’ ಎಂದರೆ ‘ನಿಮ್ಮ ಆರೋಗ್ಯಕರ ಅಂತರ’. ಪದಗಳನ್ನು ಕೂಡಿಸಿದರೆ ಹೆಣ್ಣಿನ ಹೆಸರು! ಕೆನ್ನೆಗೆ ಮುತ್ತಿಟ್ಟು ಕುಶಲ ಕೇಳುವ ಆ ಜನಕ್ಕೆ ಈ ಪಾಠ ಕಠಿಣವಾಯಿತು. ನಮ್ಮ ನಮಸ್ಕಾರವನ್ನು ದೋನ್ಯಾ ಒಂದೇ ದಿನದಲ್ಲಿ ಕಲಿತರು.

ಮಾರ್ಚ್ ೨೫ ಯುಗಾದಿ. ಬೇವು ಎಲ್ಲಿಂದ ತರುವುದು? ಮೆಂತ್ಯದ ಕಾಳಿನಿಂದ ಕಹಿಯನ್ನೂ, ‘ಪಿಲೊನ್ಸಿಯೋ’ ಎಂಬ ಅಲ್ಲಿಯ ಬೆಲ್ಲದಿಂದ ಸಿಹಿಯನ್ನೂ ಹೊಂದಿಸಿ, ಒಂದು ಬಟ್ಟಲನ್ನು ದೋನ್ಯಾಗಾಗಿ ಮೆಟ್ಟಿಲ ಮೇಲೆ ಇಟ್ಟೆ. ಅವರು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿ, “ಈ ವರ್ಷಕ್ಕೆ ಇದೇ ಸರಿ, ಮೀಹಾ” ಎಂದರು.

ಮನೆಯಲ್ಲೇ ಇರಬಲ್ಲವರು ಯಾರು?

ಮನೆಯಲ್ಲೇ ಇರಿ ಎಂಬ ಮಾತು ಉಗ್ರಾಣ ತುಂಬಿದವರಿಗೆ ಸುಲಭ. ಮೆಕ್ಸಿಕೋದ ದೊಡ್ಡ ಅಂಗಡಿಗಳಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿಕೊಡಲು ವೃದ್ಧರು ನಿಂತಿರುತ್ತಾರೆ. ಇವರಿಗೆ ಸಂಬಳವಿಲ್ಲ, ಗಿರಾಕಿಗಳು ಕೊಡುವ ಚಿಲ್ಲರೆಯೇ ಆದಾಯ. ಮಾರ್ಚ್ ಕೊನೆಯಲ್ಲಿ, ಅವರ ಪ್ರಾಣರಕ್ಷಣೆಗಾಗಿಯೇ, ಅವರನ್ನು ಮನೆಗೆ ಕಳುಹಿಸಲಾಯಿತು. ನಮ್ಮ ಅಂಗಡಿಯಲ್ಲಿ ಬಿಳಿಯ ಮೀಸೆಯ ಮುದುಕರೊಬ್ಬರು ಟೊಮೇಟೊ ಹಣ್ಣನ್ನು ಯಾವಾಗಲೂ ಮೇಲುಗಡೆ ಇಟ್ಟು ಕೊಡುತ್ತಿದ್ದರು. ಅವರ ಜಾಗ ಒಂದು ದಿನ ಬರಿದಾಗಿದ್ದಿತು. ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ, ಹುಡುಕುವುದೆಲ್ಲಿ? ಸರ್ಕಾರವು ವೃದ್ಧಾಪ್ಯ ವೇತನವನ್ನು ನಾಲ್ಕು ತಿಂಗಳಿಗೆ ಮುಂಗಡವಾಗಿ ಕೊಟ್ಟಿತು. ದೋನ್ಯಾಗೂ ಅದು ಬಂದಿತು. ಬೇಳೆಗೆ ಸಾಕು, ಬಾಡಿಗೆಗೆ ಸಾಲದು, ಅಂತಹ ಮೊತ್ತ.

ನಮ್ಮ ಮನೆಗೆಲಸಕ್ಕೆ ವಾರಕ್ಕೆ ಮೂರು ದಿನ ಬರುತ್ತಿದ್ದ ಹೆಂಗಸು ಊರ ಅಂಚಿನಿಂದ ಎರಡು ಬಸ್ಸು ಬದಲಿಸಿ ಬರುವವರು. ಮೆಕ್ಸಿಕೋದಲ್ಲಿ ಮನೆಗೆಲಸದಿಂದ ಜೀವಿಸುವವರು ೨೦ ಲಕ್ಷಕ್ಕೂ ಹೆಚ್ಚು. ೨೦೧೯ರಲ್ಲಿ ಕಾನೂನನ್ನು ತಿದ್ದಿ ಅವರಿಗೆ ರಜೆ, ವಿಮೆ ಮೊದಲಾದ ಹಕ್ಕುಗಳನ್ನು ಕೊಟ್ಟಿದ್ದರೂ ಬಹುಮಂದಿಗೆ ಬರವಣಿಗೆಯ ಕರಾರೇ ಇರಲಿಲ್ಲ. “ನಾಳೆಯಿಂದ ಬರಬೇಡಿ” ಎಂಬ ಒಂದು ಮಾತಿನಿಂದ ಆ ವಸಂತದಲ್ಲಿ ಎಷ್ಟೋ ಮಂದಿಯ ಅನ್ನ ಹೋಯಿತು.

ನಮ್ಮವರು, “ನನಗೆ ಮನೆಯಲ್ಲಿ ಕುಳಿತರೂ ಸಂಬಳ ಬರುತ್ತದೆ. ಆಕೆಗೆ ಬಾರದಿರುವುದು ಯಾವ ನ್ಯಾಯ?” ಎಂದರು. ಡಾಲರಿಗೆ ೧೯ಕ್ಕಿಂತ ಕಡಿಮೆಯಿದ್ದ ಪೇಸೊ ನಾಣ್ಯ ಮಾರ್ಚ್ ಕೊನೆಯ ವೇಳೆಗೆ ಸುಮಾರು ೨೫ಕ್ಕೆ ಕುಸಿದು, ಊರಿಗೆ ಕಳುಹಿಸುವ ನಮ್ಮ ಹಣವೂ ಕರಗಿದ್ದಿತು. ಆದರೂ ಪ್ರತಿ ಶನಿವಾರ ಬೀದಿಯ ಮೂಲೆಯ ಓಕ್ಸೋ ಅಂಗಡಿಗೆ ಹೋಗಿ ಆಕೆಯ ಕಾರ್ಡಿಗೆ ಹಣ ಕಟ್ಟಿ ಬರುವುದು ನಮ್ಮ ವ್ರತವಾಯಿತು. ಆಕೆ ದೂರವಾಣಿಯಲ್ಲಿ, “ಕೆಲಸ ಮಾಡದ ಹಣ ಕೈ ಸುಡುತ್ತದೆ ಸೆನ್ಯೋರಾ, ಬಂದು ಅಂಗಳವನ್ನಾದರೂ ಗುಡಿಸುತ್ತೇನೆ” ಎನ್ನುತ್ತಿದ್ದರು. “ಬಸ್ಸು ಹತ್ತದಿರುವುದೇ ಈಗ ನಿಮ್ಮ ಕೆಲಸ” ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಬೀದಿ ಬರಿದಾದಾಗ ಸದ್ದುಗಳು ಹಿರಿದಾದವು. ಚಾಕು ಸಾಣೆಯವನ ಕೊಳಲು, ಅನಿಲ ಮಾರುವ ಲಾರಿಯ ಕೂಗು. ಕೆಲವು ಸಂಜೆ ಮರಿಯಾಚಿ ವಾದ್ಯಗಾರರು ಕಿಟಕಿಗಳ ಕೆಳಗೆ ನಿಂತು ಹಾಡುತ್ತಿದ್ದರು. ಮರಿಯಾಚಿ ಹಲಿಸ್ಕೋದ ಹೆಮ್ಮೆಯ ಸಂಗೀತ. ೨೦೧೧ರಲ್ಲಿ ಯುನೆಸ್ಕೋ ಮನ್ನಣೆಯನ್ನೂ ಪಡೆದುದು. ಮದುವೆಗಳಿಲ್ಲದೆ, ಹೋಟೆಲುಗಳಿಲ್ಲದೆ ಅದರ ವಾದ್ಯಗಾರರು ಕಸೂತಿಯ ಉಡುಪನ್ನೇ ಧರಿಸಿ ಮನೆಮನೆಯ ಮುಂದೆ ಟೋಪಿ ಚಾಚಿದರು. ದೋನ್ಯಾ ಕಿಟಕಿಯಿಂದ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದರು. ಬಿಯರು ಅತ್ಯಗತ್ಯವಲ್ಲವೆಂದು ಏಪ್ರಿಲ್ ಮೊದಲಿಗೆ ಕೊರೋನಾ ಎಂಬ ಹೆಸರಿನ ಪ್ರಸಿದ್ಧ ಬಿಯರಿನ ತಯಾರಿಕೆಯೇ ನಿಂತುಹೋದಾಗ ಮಾತ್ರ, “ಒಂದು ಕೊರೋನಾ ಇನ್ನೊಂದನ್ನು ನುಂಗಿತು” ಎಂದು ಬೀದಿಯೇ ನಕ್ಕಿತು.

ಹರಕೆಯ ಹಬ್ಬ

ಏಪ್ರಿಲ್ ೧೦ ಶುಭ ಶುಕ್ರವಾರ. ರಾಜಧಾನಿ ಮೆಕ್ಸಿಕೋ ನಗರದ ಇಸ್ತಾಪಲಾಪಾ ಎಂಬ ಭಾಗದಲ್ಲಿ ಏಸುವಿನ ಶಿಲುಬೆಯ ಯಾತ್ರೆಯನ್ನು ಊರವರೇ ಅಭಿನಯಿಸುತ್ತಾರೆ. ನೋಡಲು ಲಕ್ಷಾಂತರ ಜನ ಸೇರುತ್ತಾರೆ. ೧೮೩೩ರ ಕಾಲರಾ ಮಾರಿಯಿಂದ ಉಳಿದವರ ಹರಕೆಯಿಂದ ಹುಟ್ಟಿದ ಈ ಆಚರಣೆ ೧೮೪೩ರಿಂದ ನಡೆದುಬಂದಿದೆ. ಮಾರಿಯ ದೆಸೆಯಿಂದ ಹುಟ್ಟಿದ ಹಬ್ಬ ಈ ಸಲ ಮಾರಿಯ ದೆಸೆಯಿಂದಲೇ ಜನರಿಲ್ಲದೆ, ಮುಚ್ಚಿದ ಬಾಗಿಲಿನ ಒಳಗೆ ನಡೆಯಿತು. ದೋನ್ಯಾ ದೂರದರ್ಶನದ ಮುಂದೆ ಮೊಣಕಾಲೂರಿ ಕುಳಿತಿದ್ದರು. ಷಿಕಾಗೋದಲ್ಲಿ ಹಿರಿಯ ಮಗನ ಹೋಟೆಲು ಮುಚ್ಚಿದ್ದಿತು. ಕಿರಿಯವನು ಮಾತ್ರ ಕೆಲಸಕ್ಕೆ ಹೋಗುತ್ತಲೇ ಇದ್ದನು. ಅವನಂಥವರಿಗೆ ಅಮೆರಿಕದ ಪರಿಹಾರಧನವೂ ಇರಲಿಲ್ಲ.

ಆದರೂ ಅವನಿಂದ ಹಣ ಬಂದಿತು, ಮೊದಲಿಗಿಂತ ತುಸು ಹೆಚ್ಚಾಗಿಯೇ. ಇದು ದೋನ್ಯಾ ಒಬ್ಬರ ಕಥೆಯಲ್ಲ. ಹೊರದೇಶದ ಮಕ್ಕಳು ಮೆಕ್ಸಿಕೋಗೆ ಕಳುಹಿಸುವ ಹಣ ಇಳಿದುಹೋಗುವುದೆಂದು ಪಂಡಿತರು ಎಣಿಸಿದ್ದರು. ಮಾರ್ಚ್ ಒಂದೇ ತಿಂಗಳಲ್ಲಿ ೪೦೦ ಕೋಟಿ ಡಾಲರು ಬಂದಿತು. ಅದುವರೆಗೆ ಯಾವ ತಿಂಗಳೂ ಅಷ್ಟು ಬಂದಿರಲಿಲ್ಲ. ಬರಲಾಗದ ಮಕ್ಕಳು ಹಣವನ್ನು ಕಳುಹಿಸಿದ್ದರು.

ಮೆಟ್ಟಿಲ ಮೇಲಿನ ತಟ್ಟೆ

ಏಪ್ರಿಲ್ ೨೦ರಿಂದ ಹಲಿಸ್ಕೋದಲ್ಲಿ ಮುಖಗವಸು ಕಡ್ಡಾಯವಾಯಿತು. ಮೇ ೪ರಂದು ನಮ್ಮ ನಗರದ ಸಮೀಪದ ಊರೊಂದರಲ್ಲಿ ಪೋಲೀಸರು ಹಿಡಿದೊಯ್ದ ಕಟ್ಟಡಕೂಲಿಯ ಯುವಕನೊಬ್ಬನು ಸತ್ತನು. ಮುಖಗವಸಿಲ್ಲದುದಕ್ಕೇ ಹಿಡಿದರೆಂದು ಅವನ ಮನೆಯವರು ದೂರಿದರು, ಅಧಿಕಾರಿಗಳು ಅಲ್ಲಗಳೆದರು. ಜೂನ್ ೪ರಂದು ಗ್ವಾದಲಹಾರಾದ ಬೀದಿಗಳು ಪ್ರತಿಭಟನೆಯಿಂದ ಹೊತ್ತಿಕೊಂಡವು. ವ್ಯಾಧಿಯ ಭಯದೊಡನೆ ಮನುಷ್ಯರ ಭಯವೂ ಸೇರಿತು.

ಮೇ ತಿಂಗಳ ನಡುವೆ ದೋನ್ಯಾಗೆ ಜ್ವರ, ಕೆಮ್ಮು. ಆಸ್ಪತ್ರೆಗೆ ಹೋದವರು ಹಿಂತಿರುಗುವುದಿಲ್ಲವೆಂಬ ಭಯ ಆಗ ಜನರಲ್ಲಿ ಬಲವಾಗಿದ್ದಿತು, ಆಕೆ ಒಪ್ಪಲಿಲ್ಲ. ಪರೀಕ್ಷೆಯೂ ಎಲ್ಲರಿಗೂ ಆಗುತ್ತಿರಲಿಲ್ಲ. ಅಲ್ಲಿ ಔಷಧಿ ಅಂಗಡಿಗಳಿಗೆ ಹೊಂದಿಕೊಂಡೇ ಕಡಮೆ ಶುಲ್ಕದ ಸಣ್ಣ ವೈದ್ಯಶಾಲೆಗಳಿರುತ್ತವೆ. ಅಂತಹ ಒಂದರ ವೈದ್ಯೆ ದೂರವಾಣಿಯಲ್ಲಿ, “ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವನ್ನು ಕೊಳ್ಳಿರಿ, ತೊಂಬತ್ತರ ಕೆಳಗೆ ಇಳಿದರೆ ಆಕೆಯ ಮಾತು ಕೇಳಬೇಡಿ, ಆಸ್ಪತ್ರೆಗೆ ಒಯ್ಯಿರಿ” ಎಂದರು.

ಹನ್ನೊಂದು ದಿನ ನಾವು ಆ ಅಂಕಿಯನ್ನೇ ಜಪಿಸಿದೆವು. ನಮ್ಮವರು ಗಂಜಿಯ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರಿಯುವರು. ದೋನ್ಯಾ ಬಾಗಿಲು ತೆರೆದು, ಬೆರಳು ಎತ್ತಿ ಮಾಪಕವನ್ನು ತೋರಿಸುವರು. ತೊಂಬತ್ತಮೂರು, ತೊಂಬತ್ತೆರಡು, ಒಂದು ರಾತ್ರಿ ತೊಂಬತ್ತೊಂದು. ಆ ರಾತ್ರಿ ಲಾಸ್ ಏಂಜಲೀಸಿನ ಮಗನು ದೂರವಾಣಿಯಲ್ಲಿ ಬಹಳ ಹೊತ್ತು ಮೌನವಾಗಿದ್ದು, “ನಾನು ಹೊರಟು ಬರುತ್ತೇನೆ” ಎಂದನು. ಬಂದರೆ ಅವನ ಹೆಂಡತಿ, ಮಕ್ಕಳ ಬಳಿಗೆ ಮರಳುವ ದಾರಿಯಿಲ್ಲ. ದೋನ್ಯಾ ಮುಚ್ಚಿದ ಬಾಗಿಲ ಹಿಂದಿನಿಂದಲೇ, “ಬರಕೂಡದೆಂದು ಹೇಳಿ. ಇಲ್ಲಿ ಮಗಳಿದ್ದಾಳೆ, ಅಳಿಯನಿದ್ದಾನೆ” ಎಂದರು. ಮರುದಿನ ತೊಂಬತ್ತಮೂರು, ಆಮೇಲೆ ತೊಂಬತ್ತೈದು. ಆಕೆ ಬದುಕಿದರು. ಬಂದದ್ದು ಕೋವಿಡ್ಡೇ ಆಗಿದ್ದಿತೆಂದು ಯಾವ ಕಾಗದದಲ್ಲಿಯೂ ದಾಖಲೆಯಿಲ್ಲ.

ಅದೇ ದಿನಗಳಲ್ಲಿ ತೀರ್ಥಹಳ್ಳಿಯ ಪಕ್ಕದ ಮನೆಯ ಹುಡುಗನು ಪೋಲೀಸರ ಪಾಸು ಪಡೆದು, ಮೋಟಾರು ಸೈಕಲ್ಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಅಪ್ಪಯ್ಯನಿಗೆ ಔಷಧಿ ತಂದು, ಜಗಲಿಯ ಮೇಲಿಟ್ಟು ದೂರ ನಿಲ್ಲುತ್ತಿದ್ದನು. ನಾನು ಹಣ ಕಳುಹಿಸುವೆನೆಂದರೆ, “ಅಕ್ಕಾ, ಔಷಧಿಯ ಬಾಬ್ತು ಅಜ್ಜಯ್ಯನೇ ಕೊಟ್ಟಿದ್ದಾರೆ, ಉಳಿದದ್ದಕ್ಕೆಲ್ಲ ಲೆಕ್ಕ ಹಾಕುತ್ತಾರೆಯೇ?” ಎಂದನು. ನಾನು ಮಾಡಬೇಕಾದುದನ್ನು ಅಲ್ಲಿ ಅವನು ಮಾಡಿದನು. ಲಾಸ್ ಏಂಜಲೀಸಿನವನು ಮಾಡಬೇಕಾದುದು ಇಲ್ಲಿ ನಮ್ಮ ಪಾಲಿಗೆ ಬಂದಿದ್ದಿತು. ಕರುಳಿನ ಸಂಬಂಧ ದೂರದಲ್ಲಿ ಸಿಕ್ಕಿಬಿದ್ದಾಗ ನೆರೆಯ ಸಂಬಂಧವೇ ಮನುಷ್ಯರನ್ನು ಕಾಯಿತು.

ಮೇ ೩೦ಕ್ಕೆ ಅಂತರಪಾಲನೆಯ ರಾಷ್ಟ್ರೀಯ ಅವಧಿ ಮುಗಿಯಿತು, ವ್ಯಾಧಿ ಮುಗಿಯಲಿಲ್ಲ. ಮಹಾವಿಪತ್ತಾದರೆ ೬೦,೦೦೦ ಸಾವುಗಳಾಗಬಹುದೆಂದು ಲೋಪೆಸ್ ಗಾತೆಲ್ ಜೂನ್ ೪ರಂದು ಹೇಳಿದರು. ಆಗಸ್ಟ್ ೨೨ರ ವೇಳೆಗೆ ಆ ಸಂಖ್ಯೆ ದಾಟಿಹೋಯಿತು. ೨೦೨೨ರ ಆರಂಭದ ಹೊತ್ತಿಗೆ ಸರ್ಕಾರದ ಲೆಕ್ಕದಲ್ಲಿಯೇ ಮೂರು ಲಕ್ಷ ಜನ ಮಡಿದಿದ್ದರು. ಅಂಗಡಿಯ ಚೀಲ ತುಂಬುತ್ತಿದ್ದ ಆ ಮುದುಕರು ನಮಗೆ ಮತ್ತೆ ಕಾಣಸಿಗಲಿಲ್ಲ. ಮನೆಗೆಲಸದ ಸೆನ್ಯೋರಾ ಆಗಸ್ಟಿನಲ್ಲಿ ಬಂದು, ಮೊದಲ ದಿನವೇ ಕಿಟಕಿಗಳನ್ನೆಲ್ಲ ಎರಡೆರಡು ಸಲ ಒರೆಸಿದರು.

೨೦೨೧ರ ಡಿಸೆಂಬರಿನಲ್ಲಿ ನಾವು ಊರಿಗೆ ಬಂದು ಅಪ್ಪಯ್ಯನನ್ನು ಕಂಡೆವು. ೨೦೨೩ರಲ್ಲಿ ಗ್ವಾದಲಹಾರಾದ ಮನೆಯನ್ನು ಬಿಟ್ಟು ಬಂದೆವು. ಪರದೇಶವಾಸಿಗಳೆಂದು ನಮ್ಮನ್ನೂ ಕರೆಯುತ್ತಾರೆ, ಚಪಾಲದ ದಂಪತಿಗಳನ್ನೂ ಕರೆಯುತ್ತಾರೆ, ದೋನ್ಯಾ ಅವರ ಮಗನನ್ನೂ ಕರೆಯುತ್ತಾರೆ. ೨೦೨೦ರ ವಸಂತದಲ್ಲಿ ನಮಗೆ ಮುಚ್ಚಿದ ಬಾಗಿಲು ಇಪ್ಪತ್ತೊಂದು ತಿಂಗಳಿಗೆ ತೆರೆಯಿತು. ಆ ಮಗನಿಗೆ ಅದು ಮಹಾಮಾರಿಗಿಂತ ಬಹಳ ಮೊದಲೇ ಮುಚ್ಚಿದುದು. ನಾವು ಹೊರಟ ದಿನದವರೆಗೂ ಅದು ತೆರೆದಿರಲಿಲ್ಲ.